ಮಗನಿಗೆ ಬಿಸ್ಕತ್ತು, ನೂಡಲ್ಸೇ ಊಟ. ರಕ್ತ ಕಡಿಮೆ ಅಂತ ರಿಪೋರ್ಟ್. ನೀವೇನು ಮಾಡಿದಿರಿ?

ಡೊಂಬಿವಲಿಯಿಂದ ಪ್ರಶ್ನೆ
ಮಗ ಹನ್ನೊಂದನೇ ಕ್ಲಾಸು. ಬೆಳಿಗ್ಗೆ ಚಹಾ, ಬಿಸ್ಕತ್ತು ಮುಗಿಸಿ ಲೋಕಲ್ ಹಿಡಿಯಲು ಓಡುತ್ತಾನೆ. ಸಂಜೆ ಬಂದರೆ ನೂಡಲ್ಸ್, ಚಿಪ್ಸ್. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಅಂತಾನೆ. ಹಿಮೋಗ್ಲೋಬಿನ್, ಬಿ12 ಎರಡೂ ಕಡಿಮೆ ಬಂದಿವೆ. ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ಮಾತ್ರೆ ಸಾಕಾ, ಪ್ಯಾಕೆಟ್ ತಿಂಡಿ ಬಿಡಿಸಲೇಬೇಕಾ? ಅನುಭವ ಇದ್ದವರು ಹೇಳಿ.

ಠಾಣೆಯಿಂದ
ಅಕ್ಕಾ, ರಾತ್ರಿ ಹಸಿವಿಲ್ಲ ಅಂದಿರಲ್ಲ, ತೊಂದರೆ ಇರುವುದೇ ಅಲ್ಲಿ. ಸಾರು, ಪಲ್ಯ, ಮೊಸರಿಗೆ ಜಾಗ ಇಲ್ಲದ ಹಾಗೆ ನೂಡಲ್ಸ್ ಹೊಟ್ಟೆ ತುಂಬಿಸಿಬಿಡುತ್ತದೆ. ನನ್ನ ಮಗಳಿಗೆ ಬೈಯುವ ಬದಲು ಬಿಸ್ಕತ್ತಿನ ಪ್ಯಾಕೆಟ್ ಹಿಂಬದಿ ಓದಿಸಿದೆ. ಯಾವುದು ಹೆಚ್ಚಿದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ಮೊದಲು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ. ಗೋಧಿಯ ಕಬ್ಬಿಣ, ಸತು, ಮೆಗ್ನೀಸಿಯಂ, ಬಿ ವಿಟಮಿನ್‌ಗಳು ಹೆಚ್ಚಾಗಿ ಇರುವುದು ತೌಡು ಮತ್ತು ಮೊಳಕೆಯ ಭಾಗದಲ್ಲಿ. ಮೈದಾ ಮಾಡುವಾಗ ತೆಗೆಯುವುದೂ ಅದನ್ನೇ. ಕೆಲವು ಪ್ಯಾಕೆಟ್ ಮೇಲೆ ಕಬ್ಬಿಣ ಸೇರಿಸಿದೆ ಅಂತ ದೊಡ್ಡಕ್ಷರದಲ್ಲಿರುತ್ತದೆ. ಸೇರಿಸಿರುತ್ತಾರೆ, ಸುಳ್ಳಲ್ಲ. ಆದರೆ ಹೋದದ್ದರಲ್ಲಿ ವಾಪಸು ಬರುವುದು ಕೆಲವು ಮಾತ್ರ, ಅದನ್ನು ನಂಬಿ ಊಟ ಬಿಡುವಂತಿಲ್ಲ.

ಹಾಗಂತ ಪ್ಯಾಕೆಟ್ಟಿನಲ್ಲಿ ಬಂದದ್ದೆಲ್ಲ ಕೆಟ್ಟದ್ದಲ್ಲ. ಬಿಸ್ಕತ್ತು, ನೂಡಲ್ಸ್‌ನಂಥ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿಂಡಿಗೆ 'ಅಲ್ಟ್ರಾ ಪ್ರೊಸೆಸ್ಡ್' ಅನ್ನುತ್ತಾರೆ. ಈ ವಿಂಗಡಣೆಯನ್ನು 2009ರಲ್ಲಿ ಮುಂದಿಟ್ಟವರು ಬ್ರೆಜಿಲಿನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ. ಅದರ ಪ್ರಕಾರ ಪ್ಯಾಕೆಟ್ ಹಾಲು, ಫ್ರೋಜನ್ ಬಟಾಣಿ ಈ ಗುಂಪಿಗೆ ಸೇರುವುದಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರು ಅದಕ್ಕೆಲ್ಲ ಹೆದರಬೇಕಾಗಿಲ್ಲ.

ಪುಣೆಯಿಂದ
ನಮ್ಮ ಮನ್ಯಾಗ ಬಿಸ್ಕೀಟು ತಿನಬ್ಯಾಡ ಅಂತ ಹೇಳಲಿಲ್ರೀ, ತರೋದು ಬಿಟ್ವಿ ಅಷ್ಟ. ಅದೇ ಡಬ್ಬಿಯೊಳಗ ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಇಟ್ವಿ. ಮೊದಲ ಹುಡುಗ್ರು ಮಾರಿ ಉಬ್ಬಿಸಿದ್ರು, ಆಮ್ಯಾಲ ಹಸಿವಾದಾಗ ಕೈ ತಾನಾಗೇ ಹೋಗಾಕತ್ತು. ಸಂಜೀಕ ಅವಲಕ್ಕಿ ಮಾಡಿದ್ರ ಮ್ಯಾಲ ನಿಂಬಿಹಣ್ಣು ಹಿಂಡ್ರಿ, ಕಬ್ಬಿಣ ಮೈಗೆ ಹತ್ತತದ. ಊಟ ಆದ ಕೂಡ್ಲೇ ಚಹಾ ಮಾತ್ರ ಕೊಡಬ್ಯಾಡ್ರಿ, ತಾಸು ಬಿಟ್ಟು ಕೊಡ್ರಿ. ಚಹಾದಾಗಿನ ಟ್ಯಾನಿನ್ ಆ ಕಬ್ಬಿಣಾನ ಹಿಡದ ಇಟ್ಕೊಂಬಿಡ್ತದ.

ವಾಸ್ಕೋದಿಂದ
ಬಿ12 ಬಗ್ಗೆ ಯಾರೂ ಹೇಳಲಿಲ್ಲ. ಅದು ಕಡಿಮೆಯಾದದ್ದಕ್ಕೆ ಪೂರ್ತಿ ನೂಡಲ್ಸ್ ಮೇಲೆ ಗೂಬೆ ಕೂರಿಸಬೇಡಿ. ಸೊಪ್ಪು, ಕಾಳು ಎಷ್ಟು ತಿಂದರೂ ಬಿ12 ಸಿಗುವುದಿಲ್ಲ; ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ನಮ್ಮಲ್ಲಿ ಬಂಗುಡೆ ಸಾರು ಇದ್ದ ದಿನ ಆ ಚಿಂತೆಯೇ ಇಲ್ಲ. ಶುದ್ಧ ಸಸ್ಯಾಹಾರಿಗಳ ಮನೆಯಲ್ಲಿ ಹಾಲು, ಮೊಸರು ತಪ್ಪಿಸಬಾರದು. ಕೊಟ್ಟಿರುವ ಮಾತ್ರೆಯನ್ನು ಮಧ್ಯದಲ್ಲಿ ನಿಲ್ಲಿಸಬೇಡಿ, ಕಬ್ಬಿಣದ ಮಾತ್ರೆಯನ್ನು ಚಹಾ ಅಥವಾ ಹಾಲಿನ ಜೊತೆ ಕೊಡಬೇಡಿ. ಕೋರ್ಸ್ ಮುಗಿದ ಮೇಲೆ ಡಾಕ್ಟರನ್ನು ಕೇಳಿ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಆಗಲೂ ಏರದಿದ್ದರೆ ಮೈಗೆ ಯಾಕೆ ಹತ್ತುತ್ತಿಲ್ಲ ಅಂತ ನೋಡಬೇಕಾಗುತ್ತದೆ. ಮಗ ಮೊಟ್ಟೆ ತಿನ್ನುತ್ತಾನಾ, ಅಕ್ಕಾ?