ಪ್ರಶ್ನೋತ್ತರ: ಕಾಲೊನಿಯೊಳಗೆ ಬ್ಯಾಕ್ಟೀರಿಯಾ ಹೇಗಿರುತ್ತವೆ? ಸೂಕ್ಷ್ಮಜೀವಿ ತಜ್ಞೆಯನ್ನು ಕೇಳಿ

ಲ್ಯಾಬ್ ಟೆಕ್ನಿಷಿಯನ್, ಹಾಸನ: ಮೇಡಂ, ಬ್ಲಡ್ ಅಗಾರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸೋ ರಕ್ತ ಬೆರೆಸಿದ ಜೆಲ್ಲಿ) ಪ್ರೋಟಿಯಸ್ ಅನ್ನೋ ಬ್ಯಾಕ್ಟೀರಿಯಾ ಹಬ್ಬಿ ಬೇರೆ ಕಾಲೊನಿಗಳನ್ನೆಲ್ಲ, ಅಂದ್ರೆ ಬೇರೆ ಬ್ಯಾಕ್ಟೀರಿಯಾ ಗುಂಪುಗಳನ್ನೆಲ್ಲ, ಮುಚ್ಚಿಬಿಡುತ್ತೆ. ಏನು ಮಾಡ್ಲಿ?

ತಜ್ಞೆ: ಸಿಎಲ್‌ಇಡಿ ಅಗಾರ್ ಬಳಸಿ. ಅದರಲ್ಲಿ ಲವಣಾಂಶ ಕಡಿಮೆ, ಹಬ್ಬೋದಿಲ್ಲ.

ಬಿಎಸ್ಸಿ ವಿದ್ಯಾರ್ಥಿನಿ, ಧಾರವಾಡ: ಉಂಗುರ ಉಂಗುರವಾಗಿ ಯಾಕೆ ಹಬ್ಬುತ್ತೆ?

ತಜ್ಞೆ: ಅಂಚಿನ ಕೋಶಗಳು ವಿಭಜನೆ ನಿಲ್ಲಿಸಿ ಉದ್ದವಾಗುತ್ತವೆ. ಸುಮಾರು 2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಇದ್ದದ್ದು 20ರಿಂದ 80 ಆಗುತ್ತೆ. ಮೈತುಂಬ ಫ್ಲಜೆಲ್ಲಾ, ಅಂದರೆ ಚಲಿಸಲು ನೆರವಾಗುವ ಬಾಲದಂಥ ಎಳೆಗಳು. ಒಂದರ ಪಕ್ಕ ಒಂದು ಮಲಗಿ ತೆಪ್ಪದ ಹಾಗೆ ಒಟ್ಟಿಗೆ ಜಾರುತ್ತವೆ. ಆಮೇಲೆ ನಿಂತು, ಮತ್ತೆ ಗಿಡ್ಡ ಕೋಶಗಳಾಗಿ ಒಡೆದು ಹೆಚ್ಚುತ್ತವೆ. ನಿಂತಲ್ಲೆಲ್ಲ ಒಂದು ಉಂಗುರ.

ಸದಸ್ಯ, ತುಮಕೂರು: ಅಪ್ಪನಿಗೆ ಕ್ಯಾಥಿಟರ್ (ಮೂತ್ರ ಹೊರಗೆ ಹರಿಸೋ ನಳಿಕೆ) ಇದೆ, ಕಲ್ಚರ್‌ನಲ್ಲಿ (ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಇದೇ ಪ್ರೋಟಿಯಸ್. ಪದೇ ಪದೇ ಕಟ್ಟಿಕೊಳ್ಳುತ್ತೆ. ಬೆಳಗ್ಗೆಯಿಂದ ಬ್ಯಾಗಿಗೆ ಮೂತ್ರ ಬಂದಿಲ್ಲ, ಹೊಟ್ಟೆ ಬಿಗಿ. ಸಿರಿಂಜಲ್ಲಿ ವಿನೆಗರ್ ಹಾಕಿದರೆ ಲೋಳೆ ಕರಗುತ್ತೆ ಅಂತ ವಾಟ್ಸ್ಯಾಪಲ್ಲಿ ಬಂದಿದೆ.

ತಜ್ಞೆ: ಮೊದಲು ಆಸ್ಪತ್ರೆಗೆ ಹೊರಡಿ, ದಾರಿಯಲ್ಲಿ ಓದಿ. ವಿನೆಗರ್ ಹಾಕಲೇಬೇಡಿ. ಹೊರದಾರಿ ಮುಚ್ಚಿರುವ ಮೂತ್ರಚೀಲಕ್ಕೆ ದ್ರವ ನೂಕಿದರೆ ಸೋಂಕು ಕಿಡ್ನಿಗೆ ಏರಬಹುದು. ಆಮ್ಲ ಒಳಪದರವನ್ನೂ ಸುಡಬಹುದು. ಜ್ವರ, ಚಳಿ ಇದ್ದರೆ ಡಾಕ್ಟರಿಗೆ ತಕ್ಷಣ ಹೇಳಿ.

ನಳಿಕೆಯಲ್ಲಿರೋದು ಬರೀ ಲೋಳೆಯಲ್ಲ. ಪ್ರೋಟಿಯಸ್‌ನ ಯೂರಿಯೇಸ್ ಕಿಣ್ವ ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ. ಮೂತ್ರ ಕ್ಷಾರವಾಗಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಟ್ಟುತ್ತವೆ. ಕೋಶಗಳು ತಾವೇ ಸುರಿಸಿದ ಸಕ್ಕರೆ, ಪ್ರೋಟೀನ್, ಡಿಎನ್‌ಎ ಅಂಟಿನಲ್ಲಿ ಹುದುಗಿರುತ್ತವೆ, ಹರಳೂ ಅದರಲ್ಲೇ ಸಿಕ್ಕಿಕೊಂಡು ನಳಿಕೆ ಮುಚ್ಚುತ್ತದೆ. ತಳದ ಕೋಶಗಳಿಗೆ ಆಮ್ಲಜನಕ, ಆಹಾರ ಕಡಿಮೆ, ಬೆಳವಣಿಗೆ ನಿಧಾನ. ಹೆಚ್ಚಿನ ಆಂಟಿಬಯೋಟಿಕ್‌ಗಳು ಬೆಳೆಯುತ್ತಿರುವ ಕೋಶಗಳನ್ನೇ ಚೆನ್ನಾಗಿ ಕೊಲ್ಲೋದು, ಅದಕ್ಕೇ ಮಾತ್ರೆ ಸಾಲದು, ನಳಿಕೆ ಬದಲಿಸಬೇಕು. ಕಲ್ಚರ್‌ಗೆ ಮೂತ್ರ ಹೊಸ ನಳಿಕೆಯಿಂದ ತೆಗೆಯಲು ಹೇಳಿ. ಹಳೆಯದರಿಂದ ತೆಗೆದರೆ ನಳಿಕೆಗೆ ಅಂಟಿದ್ದೆಲ್ಲ ವರದಿಗೆ ಬರುತ್ತೆ. ಮೂತ್ರಚೀಲದಲ್ಲಿ ಕಲ್ಲಿದೆಯೇ ಅಂತಲೂ ಕೇಳಿ.

ಸದಸ್ಯೆ, ಮೈಸೂರು: ಅಡುಗೆ ಸೋಡಾ ಕುಡಿಸಿದರೆ?

ತಜ್ಞೆ: ಬೇಡ. ಮೂತ್ರ ಇನ್ನಷ್ಟು ಕ್ಷಾರವಾಗುತ್ತೆ. ಮೇಲೆ ಬರೆದಿದ್ದೇನೆ, ಓದಿ.

ಎಂಎಸ್ಸಿ ವಿದ್ಯಾರ್ಥಿ, ಬೆಂಗಳೂರು: ಕೋಶ ಕೋಶಕ್ಕೂ ನ್ಯಾನೋಟ್ಯೂಬ್ (ಅತಿ ಸೂಕ್ಷ್ಮ ಕೊಳವೆ) ಸಂಪರ್ಕ ಇರೋದನ್ನ ಯಾರೂ ಹೇಳ್ಲಿಲ್ಲ. 2011ರಲ್ಲೇ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಬ್ಯಾಕ್ಟೀರಿಯಾದಲ್ಲಿ ತೋರಿಸಿದ್ದಾರೆ.

ಉಪನ್ಯಾಸಕ, ಶಿವಮೊಗ್ಗ: 2020ರ ಪ್ರಬಂಧ ಓದಿ. ಕವರ್‌ಸ್ಲಿಪ್ (ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಮೇಲಿಡೋ ತೆಳು ಗಾಜು) ಒತ್ತಿದಾಗ ಸಾಯೋ ಕೋಶಗಳಿಂದ ಹೊರಬರೋ ಕೊಳವೆ ಅವು ಅಂತಿದೆ.

ಎಂಎಸ್ಸಿ ವಿದ್ಯಾರ್ಥಿ, ಬೆಂಗಳೂರು: ಒಂದು ಪ್ರಬಂಧ ಬಂದ್ರೆ ಹಳೇದೆಲ್ಲ ಸುಳ್ಳಾ ಸರ್?

ಉಪನ್ಯಾಸಕ, ಶಿವಮೊಗ್ಗ: ಸುಳ್ಳು ಅಂದಿದ್ದು ಯಾರು? ಸಿಲೆಬಸ್ ಬಿಟ್ಟು ಸ್ವಲ್ಪ ಓದಪ್ಪಾ.



ತಜ್ಞೆ: ಟ್ಯೂಬ್ ಜಗಳ ಬೇರೆ ಕಡೆ ಮಾಡಿ. ತುಮಕೂರಿನವರು ಹೊರಟಿರಾ?

ಸದಸ್ಯ, ತುಮಕೂರು: ಆಟೋದಲ್ಲಿದ್ದೀವಿ ಮೇಡಂ.

ಸದಸ್ಯೆ, ಮೈಸೂರು: ವಿನೆಗರ್ ಬದಲು ನಿಂಬೆರಸ?

ತಜ್ಞೆ: ಯಾವ ರಸವೂ ಬೇಡ.