ಮಂಡಿಗೆ ಯಾವ ಲೋಹ ಹಾಕಿಸಿದಿರಿ?

ಹಾಸನದಿಂದ ಪ್ರಶ್ನೆ: ಅಮ್ಮನಿಗೆ 68 ವರ್ಷ. ಮಂಡಿ ಪೂರ್ತಿ ಸವೆದಿದೆ, ಕೃತಕ ಕೀಲು ಹಾಕಿಸಲೇಬೇಕು ಎಂದಿದ್ದಾರೆ. ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಸಾಕೇ, ದುಬಾರಿಯ 'ಗೋಲ್ಡ್' ಮಂಡಿ ಬೇಕೇ? ಅಮ್ಮನಿಗೆ ರೋಲ್ಡ್‌ಗೋಲ್ಡ್ ಓಲೆ ಹಾಕಿದರೆ ಕಿವಿ ಕೆರೆದು ಹುಣ್ಣಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಮಾಡಿಸಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ: ನಮ್ಮ ಅತ್ತೆಯವರಿಗೆ ಹಾಕಿಸಿದ್ದು ಮಾಮೂಲಿಯದೇ. ದೇವಸ್ಥಾನದ ಮೆಟ್ಟಿಲು ಹತ್ತುತ್ತಾರೆ. ಗೋಲ್ಡ್ ಮಂಡಿಯಲ್ಲಿ ಗುಲಗಂಜಿಯಷ್ಟೂ ಚಿನ್ನವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹೊಳಪು ಟೈಟಾನಿಯಂ ನೈಟ್ರೈಡ್‌ನಂಥ ಲೇಪದ್ದು. ಒಳಗಿರುವುದು ಸಾಮಾನ್ಯವಾಗಿ ಅದೇ ಕೋಬಾಲ್ಟ್ ಕ್ರೋಮಿಯಂ.

ಬೆಂಗಳೂರಿನಿಂದ, ಆಪರೇಷನ್ ಥಿಯೇಟರ್ ನರ್ಸ್: ಓಲೆಯ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಅದು ನಿಕಲ್ ಅಲರ್ಜಿ ಇರಬಹುದು, ಮಾಮೂಲಿ ಮಿಶ್ರಲೋಹದಲ್ಲೂ ಅತ್ಯಲ್ಪ ನಿಕಲ್ ಇರುತ್ತದೆ. ಹಾಗೆಂದು ಹೆದರಬೇಡಿ, ಕಿವಿ ಕೆರೆಯುವವರಲ್ಲೂ ಬಹುತೇಕರಿಗೆ ಮಂಡಿಯೊಳಗೆ ಏನೂ ಆಗುವುದಿಲ್ಲ. ವೈದ್ಯರು ಬೇಕೆಂದರೆ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಪಟ್ಟಿ ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ) ಮಾಡಿಸುತ್ತಾರೆ. ಆಮೇಲೆ ಲೇಪವಿರುವುದನ್ನೋ ಆಕ್ಸಿನಿಯಂ ಅನ್ನೋ ಯೋಚಿಸಬಹುದು. ಆಕ್ಸಿನಿಯಂ ಎಂದರೆ ಶೇ 2.5ರಷ್ಟು ನಿಯೋಬಿಯಂ ಬೆರೆತ ಜಿರ್ಕೋನಿಯಂ. ಅದನ್ನು ಗಾಳಿಯಲ್ಲಿ ಕಾಯಿಸಿ ಮೇಲ್ಮೈಯನ್ನೇ ಸೆರಾಮಿಕ್ ಮಾಡಿರುತ್ತಾರೆ, ಕಪ್ಪಗೆ ಮಿರುಗುತ್ತದೆ.

ನನಗೆ ಬೇಸರವಾಗುವುದು ಇನ್ನೊಂದಕ್ಕೆ. ಬಂದವರೆಲ್ಲ ಲೋಹದ ಬಣ್ಣ ಕೇಳುತ್ತಾರೆ, ಎರಡು ಲೋಹಗಳ ನಡುವೆ ಕೂರುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಯಾರೂ ಕೇಳುವುದಿಲ್ಲ. ಮುಖ್ಯವಾಗಿ ಸವೆಯುವುದು ಅದು. ಸವೆದ ಸೂಕ್ಷ್ಮ ಪುಡಿಯನ್ನು ದೇಹದ ರಕ್ಷಣಾ ಕೋಶಗಳು ನುಂಗುತ್ತವೆ, ಕರಗಿಸಲಾಗದೆ ಕೆರಳುತ್ತವೆ; ಆ ಉರಿಯೂತದಲ್ಲಿ ಸುತ್ತಲಿನ ಮೂಳೆ ಕರಗಿ ಕೀಲು ಸಡಿಲವಾಗುತ್ತದೆ. ವಿಕಿರಣ ಹಾಯಿಸಿ ಗಟ್ಟಿಮಾಡಿದ ಬಿಲ್ಲೆಗಳಿವೆ, ಕೆಲವಕ್ಕೆ ಆಕ್ಸಿಡೀಕರಣ ತಡೆಯಲು ವಿಟಮಿನ್ ಇ ಬೆರೆಸಿರುತ್ತಾರೆ. ಅಮ್ಮನಿಗೆ ಹಾಕುವುದು ಯಾವುದು ಎಂದು ಕೇಳಿ.

ದಾವಣಗೆರೆಯಿಂದ: ಕೋಬಾಲ್ಟ್ ರಕ್ತಕ್ಕೆ ಸೇರಿ ವಿಷವಾಗುತ್ತದಂತೆ? ಎಲ್ಲೋ ಓದಿದ್ದೆ.

ಬೆಂಗಳೂರಿನ ನರ್ಸ್: ನೀವು ಓದಿದ್ದು ಬಹುಶಃ ಲೋಹಕ್ಕೆ ಲೋಹವೇ ಉಜ್ಜುವ ಸೊಂಟದ ಕೀಲಿನ ಬಗ್ಗೆ. ಡಿಪ್ಯೂ ಕಂಪನಿ 2010ರಲ್ಲಿ ತನ್ನ ಎಎಸ್‌ಆರ್ ಕೀಲನ್ನು ಜಗತ್ತಿನಾದ್ಯಂತ ಹಿಂಪಡೆಯಿತಲ್ಲ, ಅದು ಆ ಬಗೆಯದು. ಮಂಡಿಯಲ್ಲಿ ಲೋಹ ಉಜ್ಜುವುದು ಪ್ಲಾಸ್ಟಿಕ್ಕಿಗೆ.

ಹುಬ್ಬಳ್ಳಿಯಿಂದ: ದುಡ್ಡಿನ ಮಾತನ್ನೂ ಆಡೋಣ. ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮಂಡಿ ಕೀಲುಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಆಗ ತೆರಿಗೆ ಬಿಟ್ಟು ಕೋಬಾಲ್ಟ್ ಕ್ರೋಮಿಯಂಗೆ 54,720 ರೂಪಾಯಿ, ಟೈಟಾನಿಯಂ ಮತ್ತು ಆಕ್ಸಿಡೀಕೃತ ಜಿರ್ಕೋನಿಯಂ (ಆಕ್ಸಿನಿಯಂನಂಥದ್ದು) ಬಗೆಗೆ 76,600 ರೂಪಾಯಿ. ಈಗಿನ ದರವನ್ನು ಕೇಳಿ ತಿಳಿದುಕೊಳ್ಳಿ. ಅಪ್ಪನ ಸಲ ಆಸ್ಪತ್ರೆಯವರು 'ಪ್ಯಾಕೇಜ್' ಎಂದು ಒಂದೇ ಮೊತ್ತ ಬರೆದಿದ್ದರು. ಪಟ್ಟುಹಿಡಿದು ಕೀಲಿನ ಬೆಲೆಯನ್ನು ಬೇರೆಯಾಗಿ ಬರೆಸಿದೆವು. ಪೆಟ್ಟಿಗೆಯ ಮೇಲಿನ ಸ್ಟಿಕ್ಕರನ್ನು ಡಿಸ್ಚಾರ್ಜ್ ಹಾಳೆಗೆ ಅಂಟಿಸಿಕೊಡಲು ಹೇಳಿ. ಮುಂದೆ ಬಿಲ್ಲೆಯೊಂದನ್ನೇ ಬದಲಾಯಿಸಬೇಕಾಗಿ ಬಂದರೆ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆ ಎಲ್ಲವೂ ಅದರಲ್ಲೇ ಇರುತ್ತವೆ.