ಮಳೆ ಬಂದರೆ ಇಎಲ್‌ಸಿಬಿ ಬೀಳ್ತದೆ, ಬೈಪಾಸ್ ಮಾಡಬಹುದಾ?

ಪ್ರಶ್ನೆ (ಬದಿಯಡ್ಕದಿಂದ): ಅಣ್ಣ, ನಮ್ಮದು ಹಳೇ ಮುರಕಲ್ಲಿನ ಮನೆ. ಮಳೆ ಜೋರಾದ ದಿನ ಇಎಲ್‌ಸಿಬಿ (ಕರೆಂಟು ಸೋರಿದ್ರೆ ಲೈನ್ ಕಡಿಯುವ ಸ್ವಿಚ್) ಬೀಳ್ತದೆ, ಎತ್ತಿದ್ರೂ ನಿಲ್ಲುವುದಿಲ್ಲ. "ಎಂಸಿಬಿ ಉಂಟಲ್ಲ, ಇಎಲ್‌ಸಿಬಿಯನ್ನು ಬಿಟ್ಟು ವೈರ್ ನೇರ ಜೋಡಿಸಿ, ಬೈಪಾಸ್ ಮಾಡಿ" ಅಂತಾರೆ ಪಕ್ಕದವರು. ನಾನೇ ಮಾಡಬಹುದಾ? ಅಡುಗೆಮನೆಯ ಸುಟ್ಟ ಪ್ಲಗ್ ಪಾಯಿಂಟನ್ನೂ ಬದಲಿಸಬೇಕಿತ್ತು.

ಉತ್ತರ (ವಯರ್‌ಮ್ಯಾನ್): ಬೈಪಾಸ್ ಮಾತ್ರ ಬೇಡ ಅಕ್ಕ. ಎಂಸಿಬಿ ಇರುವುದು ವೈರ್ ಸುಡದ ಹಾಗೆ ನೋಡ್ಲಿಕ್ಕೆ. 16 ಆಂಪಿಯರಿನದ್ದು 16 ದಾಟದೆ ಅಲ್ಲಾಡುವುದಿಲ್ಲ. ಮನುಷ್ಯನ ಎದೆಬಡಿತ ಕೆಡಿಸ್ಲಿಕ್ಕೆ ಒಂದು ಆಂಪಿಯರಿನ ಹತ್ತರಲ್ಲೊಂದು ಭಾಗ ಸಾಕು. ಮನೆಯ ಇಎಲ್‌ಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನದ್ದು, ಅಂದರೆ ಅದಕ್ಕಿಂತಲೂ ಕಡಿಮೆ ಸೋರಿದಾಗಲೇ ಬೀಳ್ತದೆ. ಫೇಸ್ ವೈರಿನಲ್ಲಿ ಹೋದ ಕರೆಂಟು ನ್ಯೂಟ್ರಲ್ ವೈರಿನಲ್ಲಿ ಪೂರ್ತಿ ವಾಪಸ್ ಬರದಿದ್ರೆ, ಎಲ್ಲಿಯೋ ಸೋರ್ತಾ ಉಂಟು ಅಂತ ಬೀಳ್ತದೆ.

ಸೋರುವ ಜಾಗ ಹುಡುಕುವ ಕೆಲಸ ನೀವೇ ಮಾಡಬಹುದು. ಮೊದಲು ಫ್ರಿಜ್, ಮಿಕ್ಸಿ, ವಾಷಿಂಗ್ ಮೆಷಿನ್ ಎಲ್ಲದರ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಅದು ಫೇಸನ್ನು ಮಾತ್ರ ಕಡಿಯುವುದು. ಎಂಸಿಬಿ ಎಲ್ಲ ಇಳಿಸಿ, ಇಎಲ್‌ಸಿಬಿ ಎತ್ತಿ, ಆಮೇಲೆ ಒಂದೊಂದೇ ಎಂಸಿಬಿ ಎತ್ತುತ್ತಾ ಹೋಗಿ. ಯಾವುದನ್ನು ಎತ್ತಿದಾಗ ಬೀಳ್ತದೋ ದೋಷ ಹೆಚ್ಚಾಗಿ ಆ ಲೈನಿನಲ್ಲಿ. ಮಳೆಗೆ ಮಾತ್ರ ಬೀಳುವುದಾದರೆ ನನ್ನ ಸಂಶಯ ಹೊರಗಿನ ಲೈಟಿನ ಮೇಲೆ. ಅಂಗಳದ ಲೈಟಿನ ಶೇಡಿನೊಳಗೆ ನೀರು ನಿಂತು, ಹೋಲ್ಡರಿನ ಸುತ್ತ ಹಸಿರು ಕಿಲುಬು ಹಿಡಿದಿರ್ತದೆ.

ಪ್ಲಗ್ ಪಾಯಿಂಟಿಗೆ ಕೈ ಹಾಕುವ ಮೊದಲು ಮೈನ್ ಇಳಿಸಿ, ಮನೆಯಲ್ಲಿ ಎಲ್ಲರಿಗೂ ಹೇಳಿ, ಬೋರ್ಡಿಗೆ ಚೀಟಿ ಅಂಟಿಸಿ. ಟಿವಿ ನಿಂತಿತು ಅಂತ ಯಾರಾದರೂ ಎತ್ತಿಬಿಡ್ತಾರೆ, ನಮ್ಮಲ್ಲಿ ಅದೇ ದೊಡ್ಡ ಅಪಾಯ.

ಪ್ರಶ್ನೆ (ಕುಂಬಳೆಯಿಂದ): ಇನ್ವರ್ಟರ್ ಇದ್ದರೆ?

ಉತ್ತರ: ಒಳ್ಳೆ ಪ್ರಶ್ನೆ. ಮೈನ್ ಇಳಿಸಿದ ಕೂಡಲೇ ಇನ್ವರ್ಟರ್ ಕರೆಂಟು ಕೊಡ್ಲಿಕ್ಕೆ ಶುರು ಮಾಡ್ತದೆ, ಅದೂ 230 ವೋಲ್ಟೇ. ಅದನ್ನೂ ಆಫ್ ಮಾಡಿ, ಅದರ ಔಟ್‌ಪುಟ್ ಎಂಸಿಬಿಯನ್ನೂ ಇಳಿಸಿ. ಟೆಸ್ಟರ್ ಸರಿ ಉಂಟಾ ಅಂತ ಮೈನ್ ಇಳಿಸುವ ಮೊದಲೇ ಕರೆಂಟಿರುವ ಕಡೆ ನೋಡಿ, ಇಳಿಸಿದ ಮೇಲೆ ಪಾಯಿಂಟಿಗೆ ಹಿಡಿದು ನೋಡಿ. ಕೆಟ್ಟ ಟೆಸ್ಟರ್ ಎಲ್ಲ ಕಡೆಯೂ ಕರೆಂಟಿಲ್ಲ ಅಂತಲೇ ಹೇಳ್ತದೆ. ಸುಟ್ಟು ಕಪ್ಪಾದ ತಾಮ್ರದ ತುದಿ ಕತ್ತರಿಸಿ, ಹೊಳೆಯುವ ಭಾಗವನ್ನು ಸ್ಕ್ರೂಗೆ ಗಟ್ಟಿ ಬಿಗಿಯಿರಿ. ಪಾಯಿಂಟ್ ಸುಡುವುದು ಹೆಚ್ಚಾಗಿ ಸ್ಕ್ರೂ ಸಡಿಲಾಗಿಯೇ. ಒಳಗೆ ಹಸಿರು (ಅರ್ತ್) ವೈರ್ ಇಲ್ಲದಿದ್ದರೆ ಅಥವಾ ಅಲ್ಯೂಮಿನಿಯಂ ವೈರ್ ಕಂಡರೆ ಹಾಗೇ ಮುಚ್ಚಿಡಿ, ಅದು ಪರ್ಮಿಟ್ ಇರುವವರ ಕೆಲಸ. ಮೀಟರಿನ ಸೀಲ್ ಕಡೆಗಂತೂ ಹೋಗಬೇಡಿ, ಅದು ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯದ್ದು; ದೂರಿಗೆ 1912.

ಪ್ರಶ್ನೆ (ಬದಿಯಡ್ಕದಿಂದ): ಈಗ ನೋಡಿದೆ ಅಣ್ಣ. ಎಂಸಿಬಿ ಎಲ್ಲ ಇಳಿಸಿದ್ರೂ ಇಎಲ್‌ಸಿಬಿ ನಿಲ್ಲುವುದಿಲ್ಲ!

ಉತ್ತರ: ಹಾಗಾದ್ರೆ ಎಲ್ಲಿಯೋ ನ್ಯೂಟ್ರಲ್ ಅರ್ತಿಗೆ ತಾಗ್ತಾ ಇರಬೇಕು. ಒಂಟಿ ಪೋಲಿನ ಎಂಸಿಬಿ ನ್ಯೂಟ್ರಲನ್ನು ಕಡಿಯುವುದಿಲ್ಲವಲ್ಲ. ಇಎಲ್‌ಸಿಬಿಯೇ ಕೆಟ್ಟಿರಲೂಬಹುದು. ಇನ್ನು ನೀವು ಬಿಚ್ಚಬೇಡಿ. ನ್ಯೂಟ್ರಲ್ ಒಂದೊಂದಾಗಿ ಬಿಡಿಸಿ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಇಟ್ಟು ನೋಡಬೇಕು. ವಯರ್‌ಮ್ಯಾನ್ ಬರುವವರೆಗೆ ಮೈನ್ ಇಳಿಸಿಯೇ ಇರಲಿ.